ಒಂದೇ ಹೆಸರಿನ ಮೂರು ಜ್ವರಗಳು

ಅರಸೀಕೆರೆಯ ಗೃಹಿಣಿಯೊಬ್ಬರು ನಮಗೊಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಅವರ ಹಿರಿಯ ಮಗನಿಗೆ ಟೈಫಾಯ್ಡಿನ ಚುಚ್ಚುಮದ್ದನ್ನು ಹಾಕಿಸಿದ್ದಿತು. ಆದರೂ ಬೇಲೂರಿನ ರಥೋತ್ಸವಕ್ಕೆ ಹೋಗಿಬಂದ ಒಂದು ವಾರದ ತರುವಾಯ ಅವನು ಜ್ವರದಿಂದ ಮಲಗಿದನು. ವೈದ್ಯರು ರಕ್ತವನ್ನು ಪರೀಕ್ಷೆ ಮಾಡಿಸಿ ಪ್ಯಾರಾಟೈಫಾಯ್ಡ್ ಎಂದರು. “ಹಾಗಾದರೆ ಕಿರಿಯವಳಿಗೆ ಆ ಮದ್ದನ್ನು ಹಾಕಿಸಿ ಪ್ರಯೋಜನವೇನು?” ಎಂಬುದು ಆಕೆಯ ಸಂಶಯ. ಮಗುವೊಂದರ ಕ್ಷೇಮವು ಇದರಲ್ಲಿ ಅಡಗಿರುವುದರಿಂದ ಈ ವಿಷಯವನ್ನು ಬುಡದಿಂದಲೇ ವಿಚಾರಿಸುವುದು ಒಳ್ಳೆಯದು.

ಕನ್ನಡದಲ್ಲಿ ಟೈಫಾಯ್ಡನ್ನು ವಿಷಮಶೀತಜ್ವರವೆನ್ನುವುದು ರೂಢಿ. ಆಯುರ್ವೇದ ಗ್ರಂಥಗಳಲ್ಲಿಯಾದರೋ ವಿಷಮಜ್ವರವೆಂದರೆ ಬಿಟ್ಟು ಬಿಟ್ಟು ಮರಳಿ ಬರುವ ಜ್ವರ. ಟೈಫಾಯ್ಡು ವಾರಗಟ್ಟಲೆ ಬಿಡದೆ ಕಾಯುವಂಥದು. ಹೆಸರೂ ವಸ್ತುವೂ ಯಾವಾಗಲೂ ಸರಿಹೊಂದುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ತರಗತಿಯಲ್ಲಿ ಒಂದೇ ಹೆಸರಿನ ಮೂವರು ಹುಡುಗರಿದ್ದರೆ ಒಬ್ಬನ ತಪ್ಪಿಗೆ ಇನ್ನೊಬ್ಬನು ಏಟು ತಿನ್ನುವುದುಂಟಷ್ಟೆ! ಜ್ವರಗಳ ವಿಷಯದಲ್ಲಿಯೂ ಹಾಗೆಯೇ ಆಯಿತು.

1880ರಲ್ಲಿ ಎಬರ್ಟ್ ಎಂಬವರು ಟೈಫಾಯ್ಡಿನ ಕ್ರಿಮಿಯನ್ನು ಕಂಡರು; 1884ರಲ್ಲಿ ಗಾಫ್ಕಿ ಎಂಬವರು ಅದನ್ನು ಬೇರ್ಪಡಿಸಿ ಬೆಳೆಸಿದರು. 1896ರಲ್ಲಿ ಇಂಗ್ಲೆಂಡಿನ ಆಲ್ಮ್‌ರಾತ್ ರೈಟ್, ಜರ್ಮನಿಯ ಫೈಫರ್ ಮೊದಲಾದವರು ಕಾಯಿಸಿ ಕೊಂದ ಕ್ರಿಮಿಗಳಿಂದ ಲಸಿಕೆಯನ್ನು ಸಿದ್ಧಪಡಿಸಿದರು. ಸತ್ತ ಕ್ರಿಮಿಯು ರೋಗವನ್ನು ತಾರದು. ಆದರೆ ದೇಹವು ಅದರ ಗುರುತನ್ನು ಹಿಡಿದು ಪ್ರತಿವಸ್ತುಗಳನ್ನು ಅಣಿಮಾಡಿಕೊಳ್ಳುವುದು. ಅದೇ ವರ್ಷ ಫ್ರಾನ್ಸಿನ ಅಶಾರ್ ಮತ್ತು ಬೆನ್ಸೋಡ್ ಎಂಬ ವೈದ್ಯರು, ಲಕ್ಷಣದಲ್ಲಿ ಟೈಫಾಯ್ಡನ್ನೇ ಹೋಲುವ, ಆದರೆ ಬೇರೆ ಕ್ರಿಮಿಯಿಂದ ಹುಟ್ಟುವ ಜ್ವರಕ್ಕೆ ಪ್ಯಾರಾಟೈಫಾಯ್ಡ್ ಎಂದು ಹೆಸರಿಟ್ಟರು. ಮುಂದೆ ಅದರಲ್ಲಿಯೂ ಎ ಮತ್ತು ಬಿ ಎಂಬ ಭೇದಗಳು ತಿಳಿದುಬಂದವು. ಒಂದರ ಲಸಿಕೆಯು ಉಳಿದೆರಡನ್ನು ಸಾಕಷ್ಟು ತಡೆಯಲಾರದು.

ಹಾಗಿದ್ದರೆ ಮೂರನ್ನೂ ಕೂಡಿಸಿ ಚುಚ್ಚಬಹುದೆ? ದೇಹವು ಒಂದನ್ನು ಕಲಿತು ಇನ್ನೊಂದನ್ನು ಮರೆಯುವುದೋ ಎಂಬ ಶಂಕೆಯಿದ್ದಿತು. ಇಟಲಿಯ ಆಲ್ಡೊ ಕಾಸ್ಟೆಲಾನಿ ಎಂಬವರು ಎರಡು ಬಗೆಯ ಕ್ರಿಮಿಗಳನ್ನು ಒಟ್ಟಿಗೆ ಪಡೆದ ಮೊಲದ ರಕ್ತದಲ್ಲಿ ಎರಡಕ್ಕೂ ಪ್ರತಿವಸ್ತುಗಳು ಹುಟ್ಟುವುದನ್ನು ಕಂಡಿದ್ದರು. 1903ರಿಂದ 1915ರವರೆಗೆ ಅವರು ನಮ್ಮ ನೆರೆಯ ಸಿಂಹಳದ ಕೊಲಂಬೊ ನಗರದಲ್ಲಿದ್ದು, ಮೂರು ಕ್ರಿಮಿಗಳನ್ನು ಬೆರೆಸಿದ ಲಸಿಕೆಯನ್ನು ಜನರಲ್ಲಿ ಪ್ರಯೋಗಿಸಿದರು. 1915ರಲ್ಲಿ ಗಲ್ಲಿಪೋಲಿಯ ಯುದ್ಧರಂಗದಲ್ಲಿ, ಟೈಫಾಯ್ಡಿನ ಮದ್ದನ್ನು ಹಾಕಿಸಿಕೊಂಡಿದ್ದ ಸೈನಿಕರೂ ಪ್ಯಾರಾಟೈಫಾಯ್ಡಿನಿಂದ ನರಳಿದಾಗ ಈ ಕೆಲಸದ ಬೆಲೆಯು ತಿಳಿಯಿತು. 1916ರಲ್ಲಿ ಬ್ರಿಟಿಷ್ ಸೈನ್ಯವು ಕೂಡು ಲಸಿಕೆಯನ್ನು ಹಿಡಿಯಿತು. ಮೂರು ಕ್ರಿಮಿಗಳ ಮೊದಲಕ್ಷರಗಳಿಂದ ಅದಕ್ಕೆ ಟಿ.ಎ.ಬಿ. ಎಂದು ಹೆಸರಾಯಿತು. ಅದರ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 100 ಕೋಟಿ ಟೈಫಾಯ್ಡ್ ಕ್ರಿಮಿಗಳೂ, ಅದಕ್ಕಿಂತ ಕಡಮೆ ಪ್ರಮಾಣದಲ್ಲಿ ಉಳಿದೆರಡೂ ಇರುತ್ತಿದ್ದವು. ನಮ್ಮ ದೇಶದಲ್ಲಿ, 1905ರಲ್ಲಿ ಸ್ಥಾಪಿತವಾದ ಕಸೌಲಿಯ ಸಂಶೋಧನಾಲಯವೂ ಇದನ್ನು ತಯಾರಿಸಿತು.

ಆದರೆ ಈ ಮದ್ದಿನಿಂದ ತೋಳು ಬಾಯುತ್ತಿದ್ದಿತು, ಒಂದೆರಡು ದಿನ ಮೈ ಕಾಯುತ್ತಿದ್ದಿತು. 1950ರ ದಶಕದಲ್ಲಿ ಯುಗೊಸ್ಲಾವಿಯದಲ್ಲಿ ನಡೆದ ಪರೀಕ್ಷೆಗಳು ಟೈಫಾಯ್ಡಿನ ಭಾಗದ ಗುಣವನ್ನು ಸ್ಥಿರಪಡಿಸಿದವು. ಎ, ಬಿ ಭಾಗಗಳ ಗುಣವು ಅಷ್ಟು ಸ್ಪಷ್ಟವಾಗಲಿಲ್ಲ. ಕಾಲಕ್ರಮದಲ್ಲಿ ಟಿ.ಎ.ಬಿ. ಹಿಂದೆ ಸರಿಯಿತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಿಫಾರಸು ಮಾಡಿದ ಹೊಸ ಲಸಿಕೆಯನ್ನು 6 ತಿಂಗಳ ಶಿಶುವಿಗೂ ಕೊಡಬಹುದು. ಆದರೆ ಅದು ಟೈಫಾಯ್ಡೊಂದಕ್ಕೇ ಸಲ್ಲುವುದು. ನಮ್ಮ ದೇಶದಲ್ಲಿ ಬಿ ಗಿಂತ ಹೆಚ್ಚಾಗಿ ಕಾಣುವ ಪ್ಯಾರಾಟೈಫಾಯ್ಡ್ ಎ ಯನ್ನೂ ಕೂಡಿಸಿದ ಹೊಸ ಲಸಿಕೆಗಾಗಿ ಪ್ರಯೋಗಗಳು ನಡೆದಿವೆ.

ಈಗ ಉತ್ತರವು ಸುಲಭ. ಆ ತಾಯಿ ಹಾಕಿಸಿದ ಮದ್ದು ಸೋತಿಲ್ಲ. ತಾನು ಕಾಯದ ಬಾಗಿಲಿನಿಂದ ಬಂದವನಿಗೆ ಕಾವಲುಗಾರನನ್ನು ದೂರಬಾರದು. ಕಿರಿಯವಳಿಗೂ ವೈದ್ಯರನ್ನು ಕೇಳಿ ತಪ್ಪದೆ ಹಾಕಿಸತಕ್ಕದ್ದು. ಅಣ್ಣನ ಜ್ವರದ ನೆಪದಿಂದ ತಂಗಿಗೆ ರಕ್ಷೆಯನ್ನು ತಪ್ಪಿಸುವುದು ನ್ಯಾಯವಲ್ಲ.

ಇನ್ನೊಂದು ಮಾತು. ನಮ್ಮ ಸೀಮೆಯು ನೀರನ್ನು ಬಲ್ಲ ಸೀಮೆ. ಅರಸಿಯ ಕೆರೆಯಿಂದ ಅರಸೀಕೆರೆಗೆ ಹೆಸರಾಯಿತು. ಹಳೇಬೀಡು ಹಿಂದೆ ದೋರಸಮುದ್ರವೆನಿಸಿದ್ದಿತು. ಬೇಲೂರಿನ ಬಳಿ ಯಗಚಿಯು ಹರಿಯುವಳು. ಈ ಮೂರು ಕ್ರಿಮಿಗಳೂ ರೋಗಿಯ ಮಲದಿಂದ ಹೊರಟು, ನೀರು, ಆಹಾರ, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಹೊಟ್ಟೆಯನ್ನು ಸೇರುವುವು. ಆದುದರಿಂದ ಜಾತ್ರೆಗೆ ಹೊರಡುವಾಗ ಕುದಿಸಿ ಆರಿಸಿದ ನೀರನ್ನು ಮನೆಯಿಂದಲೇ ಒಯ್ಯಿರಿ. ಹೆಚ್ಚಿಟ್ಟ ಹಣ್ಣನ್ನು ಬಿಡಿರಿ. ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಲಸಿಕೆಯು ತನಗೆ ಪರಿಚಯವಿರುವ ಒಂದನ್ನು ತಡೆಯುವುದು. ಕುದಿಸಿದ ನೀರಿನಲ್ಲಿ ಮೂರೂ ಉಳಿಯವು.