ಅಜ್ಜಿಯ ಜಗುಲಿ ದೀಪಕ್ಕೊಂದು ಗಡಿಯಾರ

ಈ ವಾರದ ಟಪಾಲಿನಲ್ಲಿ ಮಂಡ್ಯದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಕಾಗದವಿದೆ.

“ನಮ್ಮಜ್ಜಿ ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಮನೆಯ ಹಿಂದೆಯೇ ಕಬ್ಬಿನ ಗದ್ದೆ. ಸಂಜೆ ಕೊಟ್ಟಿಗೆ ಕೆಲಸ ಮುಗಿಸಿ ಬರುವ ಹೊತ್ತಿಗೆ ಜಗುಲಿಯಲ್ಲಿ ಕತ್ತಲು. ಹೋದ ತಿಂಗಳು ಮೆಟ್ಟಿಲ ಮೇಲೆ ಹಾವು ಮಲಗಿತ್ತಂತೆ. ದೀಪ ತಾನೇ ಹೊತ್ತಿಕೊಳ್ಳುವ ಹಾಗೆ ಮಾಡಬಹುದಾ? ಬೋರ್‌ವೆಲ್ ಮೋಟಾರನ್ನೂ ಬೆಳಿಗ್ಗೆ ಆರಕ್ಕೆ ಆನ್ ಮಾಡಿಸಬಹುದಾ? ಅಜ್ಜಿಗೆ ಹೇಳಿದರೆ, ‘ಗಡಿಯಾರಕ್ಕೇನ್ ಗೊತ್ತವ್ವಾ, ಮೋಡ ಕವ್ಕಂಡ್ರೆ ಐದ್ ಗಂಟೆಗೇ ಕತ್ಲಾಯ್ತದೆ’ ಅಂತಾರೆ.”

ಪುಟ್ಟಿ, ದೀಪಕ್ಕೆ ಧಾರಾಳವಾಗಿ ಮಾಡಬಹುದು. ಮೋಟಾರಿಗೆ ಮಾತ್ರ ಈಗಲೇ ಬೇಡ. ಏಕೆಂದು ತಿಳಿಯಲು ನಿನ್ನ ಅಜ್ಜಿಯ ಮಾತೇ ಸಾಕು. ಗಡಿಯಾರಕ್ಕೆ ಗೊತ್ತಿರುವುದು ಗಂಟೆ ಒಂದೇ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ವಿಶ್ವೇಶ್ವರಯ್ಯ ನಾಲೆಗೆ ‘ಕಟ್ಟು ಪದ್ಧತಿ’ಯಲ್ಲಿ ನೀರು ಬಿಡುತ್ತಾರೆಂದು ಮನೆಯಲ್ಲಿ ಕೇಳಿರುತ್ತೀಯ. ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಇದು ಕಾಲದ ಲೆಕ್ಕ. ಅದೇ ವಿಶ್ವೇಶ್ವರಯ್ಯನವರು ಕನ್ನಂಬಾಡಿಗೆ ಬರುವ ಮೊದಲು ಸ್ವಯಂಚಾಲಿತ ಬಾಗಿಲುಗಳನ್ನು ರೂಪಿಸಿದ್ದರು. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅವನ್ನು ಅಳವಡಿಸಿದರು. ಅವು ಕ್ಯಾಲೆಂಡರ್ ನೋಡುತ್ತಿರಲಿಲ್ಲ. ನೀರಿನ ಮಟ್ಟ ಗೊತ್ತಾದ ಎತ್ತರ ದಾಟಿದರೆ ತೆರೆದುಕೊಳ್ಳುತ್ತಿದ್ದವು, ಇಳಿದರೆ ಮುಚ್ಚಿಕೊಳ್ಳುತ್ತಿದ್ದವು. ಇದು ಸ್ಥಿತಿಯ ಲೆಕ್ಕ. ಮನೆಯ ಕೆಲಸಗಳನ್ನೂ ಹೀಗೆ ಎರಡು ಪಾಲು ಮಾಡಿಕೋ. ಹೊತ್ತು ಸ್ವಲ್ಪ ತಪ್ಪಿದರೂ ಯಾರಿಗೂ ಹಾನಿಯಾಗದ ಕೆಲಸವನ್ನು ಮಾತ್ರ ಗಡಿಯಾರಕ್ಕೆ ಒಪ್ಪಿಸು.

ಜಗುಲಿ ದೀಪ ಅಂಥ ಕೆಲಸ. ಅರ್ಧ ಗಂಟೆ ಮೊದಲೇ ಹೊತ್ತಿದರೆ ನಷ್ಟವೇನೂ ಇಲ್ಲ. 9 ವಾಟ್‌ನ ಎಲ್‌ಇಡಿ ಬಲ್ಬ್ ದಿನಕ್ಕೆ 12 ಗಂಟೆ ಉರಿದರೂ ಒಂದು ಯೂನಿಟ್ ಮುಗಿಯಲು ಒಂಬತ್ತು ದಿನ ಬೇಕು. ಹಾಗಾಗಿ ಅದು ಬೆಳಗಿನವರೆಗೂ ಉರಿಯಲಿ.

ಅಜ್ಜಿ ಮನೆಯಲ್ಲಿ ವೈ-ಫೈ ಇದ್ದರೆ ಒಂದು ಸ್ಮಾರ್ಟ್ ಬಲ್ಬ್ ಸಾಕು. ನಿಮ್ಮ ಹೋಲ್ಡರಿಗೆ ಕೂರುವಂಥದ್ದನ್ನೇ ಕೇಳಿ ತನ್ನಿ. ಇಂಥ ಬಲ್ಬುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈ-ಫೈಯನ್ನು ಮಾತ್ರ ಹಿಡಿಯುತ್ತವೆ. 5 ಗಿಗಾಹರ್ಟ್ಸ್‌ಗೆ ಜೋಡಿಸಲು ಹೋಗಿ ಬಲ್ಬೇ ಕೆಟ್ಟಿದೆ ಎಂದುಕೊಳ್ಳಬೇಡ. ಆ್ಯಪ್‌ನಲ್ಲಿ ಬಲ್ಬಿಗೆ ‘ಜಗುಲಿ ದೀಪ’ ಎಂದೇ ಹೆಸರಿಡು. ಊರು ಕೇಳಿದಾಗ ಅಜ್ಜಿಯ ಊರನ್ನೇ ಕೊಡು. ಸಮಯದ ವಲಯ ಎಂದಲ್ಲಿ ‘ಕೋಲ್ಕತಾ’ ಎಂದು ತೋರಿಸಿದರೆ ಗಾಬರಿ ಬೇಡ. ಇಡೀ ಭಾರತಕ್ಕೆ ಒಂದೇ ಸಮಯ, ಕಂಪ್ಯೂಟರ್ ಲೋಕದಲ್ಲಿ ಅದಕ್ಕೆ ಆ ಊರಿನ ಹೆಸರು.

ಈಗ ವೇಳೆ ಗೊತ್ತು ಮಾಡುವುದು. ‘ಸಂಜೆ 6.30’ ಎಂದು ಬರೆದರೆ ವರ್ಷವಿಡೀ ಸರಿಹೋಗದು. ನಿಮ್ಮ ಕಡೆ ಜುಲೈ ಮೊದಲಲ್ಲಿ ಸೂರ್ಯ ಮುಳುಗುವುದು ಸುಮಾರು 6.50ಕ್ಕೆ, ನವೆಂಬರ್ ಕೊನೆಯಲ್ಲಿ ಸುಮಾರು 5.55ಕ್ಕೆ. ಹತ್ತಿರ ಹತ್ತಿರ ಒಂದು ಗಂಟೆಯ ಅಂತರ. ಅದಕ್ಕೇ ಹೆಚ್ಚಿನ ಆ್ಯಪ್‌ಗಳಲ್ಲಿ ‘ಸೂರ್ಯಾಸ್ತ’ ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಆರಿಸಿ ‘30 ನಿಮಿಷ ಮೊದಲು’ ಎಂದು ಕೊಡು. ಅಜ್ಜಿ ಹೇಳಿದ ಮೋಡಕ್ಕೂ ಅಷ್ಟಿಷ್ಟು ಉತ್ತರ ಸಿಕ್ಕಂತಾಯಿತು. ಆರಿಸುವುದಕ್ಕೆ ‘ಸೂರ್ಯೋದಯ’ ಇಡು. ಹೊತ್ತಿಸುವ ಒಂದೊಂದು ಆಜ್ಞೆಗೂ ಆರಿಸುವ ಆಜ್ಞೆಯೊಂದು ಜೊತೆಗಿರಬೇಕು. ಹೊಸಬರು ಮರೆಯುವುದು ಇದನ್ನೇ.

ವೈ-ಫೈ ಇಲ್ಲದಿದ್ದರೂ ಚಿಂತೆಯಿಲ್ಲ. ಗಡಿಯಾರದಂತೆ ತಿರುಗುವ ಟೈಮರ್‌ಗಳು ಸಿಗುತ್ತವೆ. ಸುತ್ತಲೂ ಪುಟ್ಟ ಹಲ್ಲುಗಳು, ಒಂದೊಂದು ಹಲ್ಲಿಗೆ 15 ನಿಮಿಷದಂತೆ ದಿನಕ್ಕೆ 96 ಹಲ್ಲು. ಆದರೆ ಕರೆಂಟ್ ಹೋದರೆ ಇದೂ ನಿಲ್ಲುತ್ತದೆ. ಎರಡು ಗಂಟೆ ಕರೆಂಟ್ ಹೋದರೆ ದೀಪ ಹೊತ್ತುವುದೂ ಎರಡು ಗಂಟೆ ತಡ. ಹಾಗಾಗಿ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಮೇಲು. ಇನ್ನೂ ಸುಲಭದ್ದು ಬೇಕೆಂದರೆ, ಕತ್ತಲನ್ನು ತಾನೇ ಗುರುತಿಸಿ ಹೊತ್ತುವ ಸೆನ್ಸರ್ ಬಲ್ಬ್ ಉಂಟು. ಅದಕ್ಕೆ ಗಡಿಯಾರವೇ ಬೇಡ, ಮೋಡ ಕವಿದರೂ ಅದಕ್ಕೆ ಗೊತ್ತಾಗುತ್ತದೆ. ಬೋರ್ಡು, ವೈರಿನ ಕೆಲಸ ಏನೇ ಇದ್ದರೂ ಎಲೆಕ್ಟ್ರೀಷಿಯನ್ ಮಾಡಲಿ. ನೀನು ಪಕ್ಕದಲ್ಲಿ ನಿಂತು ನೋಡು, ಕೇಳು.

ಎಲ್ಲ ಮುಗಿದ ಮೇಲೆ ಮೂರು ಪರೀಕ್ಷೆ ಮಾಡು. ಒಂದು, ಈಗಿನಿಂದ ಎರಡು ನಿಮಿಷಕ್ಕೆ ವೇಳೆ ಇಟ್ಟು ದೀಪ ಹೊತ್ತುತ್ತದೆಯೇ ನೋಡು. ಎರಡು, ರೌಟರ್ ಆರಿಸಿ ಅದನ್ನೇ ಮತ್ತೆ ಮಾಡು. ಕೆಲವು ಬಲ್ಬುಗಳು ವೇಳಾಪಟ್ಟಿಯನ್ನು ತಮ್ಮೊಳಗೇ ಇಟ್ಟುಕೊಳ್ಳುತ್ತವೆ, ಕೆಲವಕ್ಕೆ ಇಂಟರ್ನೆಟ್ ಇಲ್ಲದೆ ಏನೂ ತೋಚದು. ಮೂರು, ದೀಪ ಉರಿಯುತ್ತಿರುವಾಗಲೇ ಕರೆಂಟ್ ಹೋಗಿ ಬಂದರೆ ಅದು ಉರಿದೇ ಇರುತ್ತದೋ ಆರಿಹೋಗುತ್ತದೋ ತಿಳಿದುಕೋ. ಆರುವುದಾದರೆ ಆ್ಯಪ್‌ನಲ್ಲಿ ಅದನ್ನು ಬದಲಿಸಬಹುದೇ ಎಂದು ಹುಡುಕು. ಕರೆಂಟ್ ಹೋಗಿ ಬಂದ ರಾತ್ರಿಯೇ ಅಜ್ಜಿಗೆ ಆ ದೀಪ ಹೆಚ್ಚು ಬೇಕಾಗುವುದು.

ಇನ್ನು ಮೋಟಾರು. ಬೆಳಿಗ್ಗೆ ಆರಕ್ಕೆ ಗಡಿಯಾರ ಅದನ್ನು ಚಾಲೂ ಮಾಡೀತು. ಆದರೆ ಬೋರ್‌ವೆಲ್‌ನಲ್ಲಿ ನೀರಿದೆಯೋ, ಟ್ಯಾಂಕ್ ಆಗಲೇ ತುಂಬಿದೆಯೋ ಅದಕ್ಕೆ ಗೊತ್ತಿಲ್ಲ. ನೀರಿಲ್ಲದೆ ಓಡಿದ ಮೋಟಾರು ಸುಟ್ಟುಹೋಗುತ್ತದೆ. ಇದಕ್ಕೆ ಬೇಕಾದದ್ದು ನೀರಿನ ಮಟ್ಟ ನೋಡುವ ಫ್ಲೋಟ್ ಸ್ವಿಚ್ಚು, ನೀರು ಬತ್ತಿದರೆ ಮೋಟಾರು ನಿಲ್ಲಿಸುವ ರಕ್ಷಣೆ. ವಿಶ್ವೇಶ್ವರಯ್ಯನವರ ಬಾಗಿಲಿನ ಜಾತಿಯವು ಅವು. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಇವನ್ನಂತೂ ಗಡಿಯಾರಕ್ಕೆ ಕಟ್ಟಲೇಬಾರದು. ಯಾರೂ ಇಲ್ಲದಾಗ ಬಿಸಿಯಾದರೆ ಬೆಂಕಿ. ಗೀಸರ್ ಎಂದರೂ ಎಚ್ಚರ ಬೇಕು. 2000 ವಾಟ್ ಅನ್ನು 230 ವೋಲ್ಟ್‌ನಿಂದ ಭಾಗಿಸಿ ನೋಡು, ಸುಮಾರು 8.7 ಆಂಪಿಯರ್ ಬರುತ್ತದೆ. 6 ಆಂಪಿಯರಿನ ಪ್ಲಗ್ಗು ಅದನ್ನು ತಾಳದು.

ಅಜ್ಜಿಯ ಮಾತ್ರೆಯ ಹೊತ್ತಿಗೆ ಫೋನಿನಲ್ಲಿ ಅಲಾರಂ ಇಡಬಹುದು. ಅಲಾರಂ ಹೊಡೆದದ್ದು ಗೊತ್ತಾಗುತ್ತದೆ, ಮಾತ್ರೆ ನುಂಗಿದ್ದು ಗೊತ್ತಾಗುವುದಿಲ್ಲ. ಅದಕ್ಕೆ ನೀನೇ ಫೋನ್ ಮಾಡಿ ಕೇಳಬೇಕು.

ಬಲ್ಬ್ ಕೊಳ್ಳುವ ಮೊದಲು ಒಂದು ಕೆಲಸ ಮಾಡು. ಒಂದು ವಾರ ದಿನವೂ ಅಜ್ಜಿಗೆ ಫೋನ್ ಮಾಡಿ, ಕೊಟ್ಟಿಗೆಗೆ ಎಷ್ಟು ಹೊತ್ತಿಗೆ ಹೋದರು, ಎಷ್ಟು ಹೊತ್ತಿಗೆ ಬಂದರು ಎಂದು ಬರೆದುಕೋ. ವೇಳಾಪಟ್ಟಿ ಅವರ ದಿನಚರಿಗೆ ಹೊಂದಬೇಕು. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸ್ಮಾರ್ಟ್ ಬಲ್ಬ್ ಏಳುವುದಿಲ್ಲ ಎಂಬುದನ್ನೂ ಅವರಿಗೆ ತಿಳಿಸು, ಸ್ವಿಚ್ಚಿನ ಪಕ್ಕದಲ್ಲಿ ಚೀಟಿಯೊಂದನ್ನು ಅಂಟಿಸು. ಮತ್ತೆ, ಜಗುಲಿಯಲ್ಲಿ ದೀಪ ಎಷ್ಟೇ ಬೆಳಗಲಿ, ಕೊಟ್ಟಿಗೆಯಿಂದ ಜಗುಲಿಯವರೆಗಿನ ದಾರಿಗೆ ಅಜ್ಜಿಯ ಕೈಯಲ್ಲೊಂದು ಟಾರ್ಚ್ ಇರಲೇಬೇಕು.