ಹಸು ನೋಡುವ ಕಣ್ಣಿನಲ್ಲೇ ಪಿಕಪ್ಪನ್ನೂ ನೋಡಿ

ಹಾಲು ಉತ್ಪಾದಕ ಅಕ್ಕತಂಗಿಯರೇ,

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಬಯಲುಸೀಮೆ. ಮಳೆ ಕೈಕೊಟ್ಟ ವರ್ಷ ಮೇವನ್ನು ದೂರದಿಂದ ತರಬೇಕು. ರಾಗಿ ಹುಲ್ಲು, ಜೋಳದ ಕಡ್ಡಿ, ಹಿಂಡಿ, ಬೂಸಾ ಎಲ್ಲಕ್ಕೂ ಬಾಡಿಗೆ ಗಾಡಿ. ಬಾಡಿಗೆ ಕೊಟ್ಟು ಸಾಕಾದಾಗ ಮನೆಯಲ್ಲಿ ಮಗನಿಂದ ಮಾತು ಬರುತ್ತದೆ: "ಅಮ್ಮ, ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳೋಣ. ನಮ್ಮ ಮೇವೂ ಬರುತ್ತೆ, ಬಾಡಿಗೆಗೂ ಓಡುತ್ತೆ." ಮಾತೇನೋ ಸರಿ. ಆದರೆ ದುಡ್ಡು ಬರುವುದು ನಿಮ್ಮ ಬಟವಾಡೆಯಿಂದ, ಇಲ್ಲವೇ ಅಡವಿಟ್ಟ ಒಡವೆಯಿಂದ, ಇಲ್ಲವೇ ಹಾಲು ಕರೆಯುವ ಹಸುವನ್ನೇ ಮಾರಿ. ಗಾಡಿ ನೋಡಲು ಹೋಗುವವರು ಮಾತ್ರ ಮನೆಯ ಗಂಡಸರು, ಜೊತೆಗೊಬ್ಬ ಬ್ರೋಕರ್.

ನನ್ನ ಅಭಿಪ್ರಾಯ ಇಷ್ಟೇ. ದುಡ್ಡು ನಿಮ್ಮದಾದರೆ ಗಾಡಿ ನೋಡಲು ನೀವೂ ಹೋಗಬೇಕು. ಆರ್‌ಸಿಯಲ್ಲಿ ಹೆಸರು ನಿಮ್ಮದಿರಬೇಕು. ಕೈಲಿರುವ ದುಡ್ಡನ್ನೆಲ್ಲ ಗಾಡಿಯ ಬೆಲೆಗೇ ಸುರಿಯಬಾರದು.

"ನಮಗೆ ಇಂಜಿನ್ ವಿಷಯ ಏನು ಗೊತ್ತು?" ಎನ್ನುತ್ತೀರಿ. ಹಸು ಕೊಳ್ಳುವಾಗ ಏನು ಮಾಡುತ್ತೀರಿ, ನೆನಪಿಸಿಕೊಳ್ಳಿ. ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟುತ್ತೀರಿ, ನಾಲ್ಕು ಹೆಜ್ಜೆ ನಡೆಸುತ್ತೀರಿ. ಎರಡು ಹೊತ್ತು ಎದುರಿಗೇ ಹಾಲು ಕರೆಸದೆ ಮುಂಗಡ ಕೊಡುವುದಿಲ್ಲ. ಹಳೇ ಪಿಕಪ್ಪಿಗೂ ಇದೇ ಕ್ರಮ ಸಾಕು.

ಬೆಳಿಗ್ಗೆಯೇ ಹೋಗಿ. ಮೊದಲು ಬಾನೆಟ್ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ಸ್ಟಾರ್ಟಿಂಗ್ ತೊಂದರೆಯನ್ನು ಮುಚ್ಚಲು ಇದು ಹಳೆಯ ಉಪಾಯ. ನಾಳೆ ಬರುತ್ತೇವೆ ಎಂದು ಹೇಳಿ ಬನ್ನಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿಸಿ ಹೊಗೆ ನೋಡಿ. ಕಪ್ಪು ಹೊಗೆ ನಿಲ್ಲದೆ ಬಂದರೆ ಇಂಜೆಕ್ಟರ್ ಅಥವಾ ಪಂಪಿನ ದೋಷವಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಇಂಜಿನ್ ಕಾದ ಮೇಲೂ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಅಲ್ಲಿಂದ ಹೊಗೆ ರಭಸವಾಗಿ ಬಂದರೆ ಅದನ್ನು ಗ್ಯಾರೇಜಿನವರು ಬ್ಯಾಕ್ ಕಂಪ್ರೆಷನ್ ಎನ್ನುತ್ತಾರೆ. ಇಂಜಿನ್ ಬಿಚ್ಚುವ ಕಾಲ ಹತ್ತಿರ ಬಂದಿದೆ ಎಂದು ತಿಳಿಯಿರಿ.

ನಮ್ಮ ಕಡೆಯ ಗಾಡಿಗೆ ಇನ್ನೊಂದು ಕಾಯಿಲೆ ಇದೆ. ಪಾವಗಡದ ಕೊಳವೆಬಾವಿ ನೀರು ಎಂಥದ್ದು ಎಂದು ನಿಮಗೆ ಹೇಳಬೇಕಿಲ್ಲ. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಕೂಲಂಟ್ ದುಬಾರಿ ಎಂದು ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅಲ್ಲೂ ಅದೇ ಪದರ. ನೀರು ಓಡಾಡದೆ ಇಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆಸಿ ಒಳಗೆ ನೋಡಿ. ಬಿಸಿಯಿದ್ದಾಗ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಆಮೇಲೆ ಏರು ರಸ್ತೆಯಲ್ಲಿ, ಸಾಧ್ಯವಾದರೆ ಲೋಡು ಹಾಕಿಸಿ, ಓಡಿಸಿ. ಇಂಜಿನ್ ಸದ್ದು ಏರುತ್ತಾ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಟೈರು ಒಂದೇ ಅಂಚಿನಲ್ಲಿ ಸವೆದಿದೆಯೇ, ಚಾಸಿಸ್ ಮೇಲೆ ವೆಲ್ಡಿಂಗ್ ಗುರುತಿದೆಯೇ, ಹಿಂದಿನ ಪ್ಲೇಟುಗಳು ಚಪ್ಪಟೆಯಾಗಿವೆಯೇ ಎಂದು ನೋಡಿ. ಇವೆಲ್ಲ ಜಲ್ಲಿ, ಮರಳು ಮಿತಿಮೀರಿ ಹೊತ್ತ ಗಾಡಿಯ ಗುರುತು. ದನ ಸಾಗಿಸಿದ ಗಾಡಿಯಾದರೆ ಹಿಂಬದಿಯ ಮ್ಯಾಟ್ ಎತ್ತಿ ನೋಡಿ. ಗಂಜಲ ಬಿದ್ದು ಬಿದ್ದು ತಗಡು ತುಕ್ಕು ತಿಂದಿರುತ್ತದೆ. ಮೀಟರಿನ ಕಿಲೋಮೀಟರನ್ನು ನಂಬಬೇಡಿ, ಅದನ್ನು ತಿದ್ದುವವರಿದ್ದಾರೆ. ಇಷ್ಟಾದ ಮೇಲೆ ಬ್ರೋಕರ್ ತೋರಿಸಿದವನನ್ನು ಬಿಟ್ಟು ನಿಮ್ಮ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಿರಿ. ಅವರ ಒಂದು ದಿನದ ಕೂಲಿ ದಂಡವಲ್ಲ.

ಈಗ ಖರ್ಚಿನ ಲೆಕ್ಕ. ಮಾಡೆಲ್ ಮತ್ತು ಊರು ನೋಡಿ ಹೆಚ್ಚುಕಡಿಮೆ ಆದರೂ, ಕ್ಲಚ್ ಬದಲಿಸಲು ಹತ್ತು ಸಾವಿರದ ಆಸುಪಾಸು ಹಿಡಿಯಿರಿ. ನಾಲ್ಕು ಟೈರು ಇಪ್ಪತ್ತು ಸಾವಿರ ದಾಟುತ್ತವೆ. ಇಂಜಿನ್ ಪೂರ್ತಿ ಬಿಚ್ಚಿದರೆ ಲಕ್ಷದ ಹತ್ತಿರ ಹೋಗಬಹುದು. ದಿನಕ್ಕೆ 10 ಲೀಟರ್ ಹಾಲು, ಲೀಟರಿಗೆ 35 ರೂಪಾಯಿ ಎಂದುಕೊಂಡರೆ 350 ರೂಪಾಯಿ. ಮೇವು, ಹಿಂಡಿ ಕಳೆದು ಅರ್ಧ ಉಳಿದರೆ 175. ಒಂದು ಕ್ಲಚ್ಚಿಗೆ ಸುಮಾರು ಎರಡು ತಿಂಗಳ ಉಳಿತಾಯ, ಒಂದು ಇಂಜಿನ್ನಿಗೆ ಒಂದೂವರೆ ವರ್ಷದ ಉಳಿತಾಯ ಹೋಗುತ್ತದೆ. ಅದಕ್ಕೇ ಹೇಳುವುದು: ಕೈಯಲ್ಲಿ ಮೂರು ಲಕ್ಷ ಇದ್ದರೆ 2 ಲಕ್ಷ 40 ಸಾವಿರದ ಗಾಡಿ ನೋಡಿ. ಉಳಿದ 60 ಸಾವಿರ ಮೊದಲ ವರ್ಷದ ರಿಪೇರಿಗೆ ನಿಮ್ಮ ಖಾತೆಯಲ್ಲೇ ಇರಲಿ.

ಕಾಗದಪತ್ರದ ವಿಷಯದಲ್ಲಿ ನಾಚಿಕೆ ಬೇಡ, ಒಂದೊಂದನ್ನೂ ಕೇಳಿ ನೋಡಿ. ಆರ್‌ಸಿಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಹೆಸರಿದ್ದರೆ ಸಾಲ ತೀರಿದ ಎನ್‌ಓಸಿ ಬೇಕು. ಸರಕು ಗಾಡಿಗೆ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು, ಆ ಖರ್ಚೂ ಲೆಕ್ಕದಲ್ಲಿರಲಿ. ಪಾವಗಡದ ಅಕ್ಕಂದಿರು ಇನ್ನೊಂದು ಗಮನಿಸಿ. ಗಡಿಯಾಚೆ ಹಿಂದೂಪುರ, ಮಡಕಶಿರಾ ಕಡೆ ಗಾಡಿ ಅಗ್ಗಕ್ಕೆ ಸಿಕ್ಕಿತು ಎನ್ನುತ್ತಾರೆ. ಆಂಧ್ರದ ನಂಬರಿನ ಗಾಡಿಗೆ ಅಲ್ಲಿನ ಆರ್‌ಟಿಓ ಎನ್‌ಓಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಹೊಸ ನಂಬರ್ ಪಡೆಯಬೇಕು. ಅದನ್ನೆಲ್ಲ ಸೇರಿಸಿದರೆ ಅಗ್ಗದ ಗಾಡಿ ಅಗ್ಗವಾಗಿ ಉಳಿದೀತೇ, ಕೂಡಿ ನೋಡಿ.

ಗಾಡಿ ಕೊಂಡ 30 ದಿನದೊಳಗೆ ಹೆಸರು ಬದಲಾವಣೆಗೆ ಆರ್‌ಟಿಓಗೆ ಅರ್ಜಿ ಕೊಡಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. "ಆಮೇಲೆ ಮಾಡಿಸೋಣ" ಎಂದರೆ ಒಪ್ಪಬೇಡಿ. ನಿಮ್ಮ ಹೆಸರಿಗೆ ಆದರೆ ನಾಳೆ ನಿಮ್ಮನ್ನು ಕೇಳದೆ ಯಾರೂ ಅದನ್ನು ಮಾರಲಾರರು. ಹೆಸರಿನ ಜೊತೆ ಹೊಣೆಯೂ ಬರುತ್ತದೆ. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಇನ್ಶೂರೆನ್ಸನ್ನೂ ನಿಮ್ಮ ಹೆಸರಿಗೆ ಮಾಡಿಸಿ, ಒಂದು ದಿನವೂ ತಪ್ಪಿಸಬೇಡಿ. ಓಡಿಸುವ ಮಗನಿಗೆ ಲೈಸೆನ್ಸ್ ಇರಲೇಬೇಕು.

"ಹೊಸ ಗಾಡಿ ಕೊಳ್ಳುವ ಶಕ್ತಿ ನಮಗೆಲ್ಲಿದೆ, ಹಳೆಯದೇ ಗತಿ" ಎಂದು ಕೆಲವರು ಹೇಳುತ್ತಾರೆ. ನಿಜ. ಹಳೇ ಗಾಡಿ ಕೊಂಡು ಚೆನ್ನಾಗಿ ಬದುಕು ಮಾಡಿಕೊಂಡ ಮನೆಗಳೂ ಇವೆ. ಆದರೆ ವರ್ಷದಲ್ಲಿ ನಾಲ್ಕೈದು ಲೋಡು ಮೇವು ತರುವುದಕ್ಕೆ ಮಾತ್ರ ಗಾಡಿ ಬೇಕೆಂದರೆ, ಸಂಘದ ಐದಾರು ಸದಸ್ಯೆಯರು ಸೇರಿ ಒಂದು ಬಾಡಿಗೆ ಪಿಕಪ್ ಹಿಡಿಯುವುದೇ ಲಾಭ. ಎಷ್ಟೇ ಒತ್ತಾಯ ಬಂದರೂ ಕರೆಯುವ ಹಸು ಮಾರಿ ಗಾಡಿ ತರಬೇಡಿ. ಗಾಡಿ ಗ್ಯಾರೇಜಿನಲ್ಲಿ ನಿಂತ ತಿಂಗಳೂ ಮನೆಗೆ ಬಟವಾಡೆ ತರುವುದು ಆ ಹಸುವೇ.

ಮುಂಗಡ ಕೊಡುವ ಮೊದಲು ಸಂಘದಲ್ಲಿ ಹಾಲು ಅಳೆಯಲು ಬರುವ ಹೆಂಗಸರನ್ನೇ ಕೇಳಿ. ಯಾರ ಮನೆಯಲ್ಲಿ ಹಳೇ ಪಿಕಪ್ ಇದೆ, ಹೋದ ವರ್ಷ ರಿಪೇರಿಗೆ ಎಷ್ಟು ಹೋಯಿತು, ಯಾವ ಮೆಕ್ಯಾನಿಕ್ ನಂಬಿಕಸ್ತ? ಬ್ರೋಕರ್ ಹೇಳದ ಸಂಗತಿಗಳೆಲ್ಲ ಅಲ್ಲಿ ಸಿಗುತ್ತವೆ.