ಕೆಟ್ಟದ್ದು ಗಾಡಿ, ದಂಡ ಡ್ರೈವರನಿಗೆ!

ಹೋಟೆಲಿನಲ್ಲಿ ಗ್ಲಾಸು ಒಡೆದರೆ ಪಗಾರಿನಲ್ಲಿ ಮುರಿದುಕೊಳ್ಳುವ ಪದ್ಧತಿಯನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದರ ಇನ್ನೊಂದು ರೂಪವೂ ಗೊತ್ತು. ನೇಯ್ಗೆಯಲ್ಲಿ ದೋಷ ಬಂದ ಬಟ್ಟೆಯನ್ನು ನೇಕಾರನ ತಲೆಗೆ ಕಟ್ಟಿ, ಅದರ ಬೆಲೆಯನ್ನು ಸಂಬಳದಿಂದ ಕಳೆಯುತ್ತಿದ್ದ ಕಾಲವೊಂದಿತ್ತು. ನೂಲು ಕಳಪೆಯೋ, ಮಗ್ಗ ಸಡಿಲವೋ, ಯಾರೂ ಕೇಳುತ್ತಿರಲಿಲ್ಲ. ಮಗ್ಗದ ಮುಂದೆ ನಿಂತವನೇ ತಪ್ಪಿತಸ್ಥ. 1936ರ ವೇತನ ಪಾವತಿ ಕಾಯ್ದೆಯೂ ಅದರ ಮುಂದಿನ ತಿದ್ದುಪಡಿಗಳೂ ಈ ಅನ್ಯಾಯಕ್ಕೆ ಒಂದಿಷ್ಟು ಕಟ್ಟು ಹಾಕಿದವು. ಹಾನಿಯು ಕಾರ್ಮಿಕನ ಅಲಕ್ಷ್ಯದಿಂದಲೇ ಆಗಿರಬೇಕು, ಕಡಿತವು ಹಾನಿಯ ಮೊತ್ತವನ್ನು ಮೀರಬಾರದು, ಕಡಿತಕ್ಕೆ ಮೊದಲು ಅವನ ಮಾತನ್ನು ಕೇಳಬೇಕು. 2019ರ ವೇತನ ಸಂಹಿತೆಯಲ್ಲಿಯೂ ಈ ಮಾತುಗಳು ಉಳಿದುಕೊಂಡಿವೆ.

ಆದರೆ ಸಂಬಳವೇ ಇಲ್ಲದವನಿಗೆ ಈ ಕಾನೂನಿನಿಂದ ಏನು ಬಂತು?

1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರಲ್ಲಿ ಎಷ್ಟೋ ಮಂದಿ ಮತ್ತೆ ಒಳಗೆ ಹೋಗಲೇ ಇಲ್ಲ. ಅವರ ಮಕ್ಕಳಲ್ಲಿ, ಹೋಟೆಲಿನ ಗಲ್ಲಾ-ಟೇಬಲ್ಲುಗಳ ನಡುವಿನ ಓಡಾಟ ಸಾಕೆಂದು ಹೊರಬಿದ್ದ ನಮ್ಮ ತಮ್ಮಂದಿರಲ್ಲಿ, ಅನೇಕರು ಇಂದು ಸ್ಟಿಯರಿಂಗಿನ ಹಿಂದೆ ಕುಳಿತಿದ್ದಾರೆ. ಟ್ಯಾಕ್ಸಿ, ಟೆಂಪೊ, ಶಾಲೆಯ ವ್ಯಾನು, ಹೋಟೆಲಿಗೆ ಮಾಲು ಹಾಕುವ ಗಾಡಿ. ಗಾಡಿ ಇನ್ನೊಬ್ಬರದು, ಇವನು ಶಿಫ್ಟಿಗೆ ಬಾಡಿಗೆ ಕಟ್ಟಿ ಓಡಿಸುವವನು, ಕೈಯಲ್ಲಿ ಒಂದಿಷ್ಟು ಡಿಪಾಜಿಟ್ ಇಟ್ಟವನು. ಇವನು ನೌಕರನಲ್ಲ, ಬಾಡಿಗೆದಾರ ಎಂದು ಮಾಲಕ ವಾದಿಸುತ್ತಾನೆ. ಹಾಗಾಗಿ ಕ್ಲಚ್ ಹೋದ ದಿನ ಯಾವ ಕಾಯ್ದೆಯೂ ಬಾಗಿಲಿಗೆ ಬರುವುದಿಲ್ಲ. "ನೀನೇ ಸುಟ್ಟದ್ದು" ಎಂಬ ಮೂರು ಅಕ್ಷರದ ತೀರ್ಪಿನಲ್ಲಿ ಡಿಪಾಜಿಟ್ ಕರಗಿಹೋಗುತ್ತದೆ. ಅಕ್ಷರ ಮೂರಕ್ಕಿಂತ ಹೆಚ್ಚಿರಬಹುದು, ವಿಚಾರಣೆ ಮಾತ್ರ ಅಷ್ಟೂ ಇರುವುದಿಲ್ಲ.

ಈ ತೀರ್ಪಿಗೆ ಎದುರಾಡಲು ಡ್ರೈವರನಿಗೆ ಬಾಯಿ ಏಕೆ ಬರುವುದಿಲ್ಲ? ಅಂಜಿಕೆಯೊಂದೇ ಕಾರಣವಲ್ಲ. ಏನು ಕೆಟ್ಟಿದೆ, ಏತರಿಂದ ಕೆಟ್ಟಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ. ಮಾಲಕನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ, ಆದರೆ ಹಣ ಅವನ ಕೈಯಲ್ಲಿರುವುದರಿಂದ ಅವನ ಅಜ್ಞಾನ ನಡೆಯುತ್ತದೆ. ನಮ್ಮ ಅಜ್ಞಾನಕ್ಕೆ ನಾವು ಬೆಲೆ ತೆರುತ್ತೇವೆ. ಆದುದರಿಂದ ಗಾಡಿಯ ರೋಗ ತಿಳಿಯುವುದು ನಮಗೆ ಹವ್ಯಾಸದ ಮಾತಲ್ಲ, ಕೂಲಿಯ ಮಾತು.

ಕ್ಲಚ್ಚನ್ನೇ ತೆಗೆದುಕೊಳ್ಳಿ. ಕ್ಲಚ್ ಪ್ಲೇಟು ಚಪ್ಪಲಿಯ ಅಟ್ಟೆಯ ಹಾಗೆ, ಸವೆಯಲೆಂದೇ ಮಾಡಿದ ವಸ್ತು. ಫ್ಲೈಓವರ್ ಹತ್ತುವಾಗ ಇಂಜಿನ್ನಿನ ಶಬ್ದ ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಪೆಡಲನ್ನು ಬಹುಮಟ್ಟಿಗೆ ಬಿಟ್ಟ ಮೇಲೆಯೇ ಗಾಡಿ ಹಿಡಿಯುತ್ತದೆ. ಇವು ಸವೆತದ ಮೊದಲ ಗುರುತುಗಳು. ಈ ಗುರುತು ಕಂಡ ದಿನವೇ ಮಾಲಕನಿಗೆ ಹೇಳಬೇಕು, ಫೋನಿನಲ್ಲಿ ಬರೆದು ಕಳಿಸಬೇಕು, ಬಾಯಿಮಾತಿಗೆ ಸಾಕ್ಷಿಯಿಲ್ಲ. ಇನ್ನು ಗೇರ್‌ಬಾಕ್ಸ್ ಇಳಿಸಿದಾಗ ಹಳೆಯ ಪ್ಲೇಟನ್ನು ನೋಡದೆ ಗ್ಯಾರೇಜು ಬಿಡಬೇಡಿ. ಎರಡೂ ಮುಖ ಸಮನಾಗಿ ಸವೆದು ರಿವೆಟ್‌ವರೆಗೆ ಬಂದಿದ್ದರೆ ಅದು ಆಯುಸ್ಸು ಮುಗಿದ ಪ್ಲೇಟು; ಹಿಂದೆ ಓಡಿಸಿದ ಹತ್ತು ಡ್ರೈವರುಗಳ ಲೆಕ್ಕವನ್ನು ಹನ್ನೊಂದನೆಯವನಿಂದ ವಸೂಲು ಮಾಡುವುದು ಯಾವ ನ್ಯಾಯ? ಪ್ಲೇಟಿನ ಮೇಲೆ ಎಣ್ಣೆಯ ಜಿಡ್ಡು ಹೊಳೆಯುತ್ತಿದ್ದರೆ ಒಳಗಿನ ಆಯಿಲ್ ಸೀಲು ಸೋರುತ್ತಿದೆ ಎಂದರ್ಥ. ಇಂಜಿನ್ನಿನ ಹಿಂಬದಿಯ ಸೀಲಿಗೂ ಡ್ರೈವರನ ಕಾಲಿಗೂ ಯಾವ ಸಂಬಂಧವೂ ಇಲ್ಲ. ಪ್ಲೇಟು ಇನ್ನೂ ದಪ್ಪವಿದ್ದೂ ಕರಕಲಾಗಿದ್ದರೆ, ಅದನ್ನೊತ್ತುವ ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಕಲೆಗಳು ಎದ್ದಿದ್ದರೆ, ಅದು ಸುಟ್ಟದ್ದು ನಿಜ. ಸಿಗ್ನಲ್ಲಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲುವ ಚಟದಿಂದ ಹೀಗಾಗುತ್ತದೆ. ಆ ಚಟ ನಮ್ಮಲ್ಲಿ ಅನೇಕರಿಗೆ ಇದೆ, ಬಿಡಬೇಕು. ಆದರೆ ಅಲ್ಲಿಯೂ ಒಂದು ಮಾತು ಕೇಳಿ. ಕೇಬಲ್ಲಿನ ಕ್ಲಚ್ಚಿನಲ್ಲಿ ಪೆಡಲಿಗೆ ಮೇಲ್ಗಡೆ ತುಸು ಸಡಿಲು ಇರಬೇಕು. ಕೇಬಲನ್ನು ಬಿಗಿದು ಆ ಸಡಿಲನ್ನೇ ಇಲ್ಲದಂತೆ ಮಾಡಿದ್ದರೆ, ಪೆಡಲ್ ಮುಟ್ಟದಿದ್ದರೂ ಪ್ಲೇಟು ಪೂರ್ತಿ ಹಿಡಿಯದೆ ಜಾರುತ್ತ ಸುಡುತ್ತದೆ. ಕೇಬಲ್ ಬಿಗಿದವರು ಯಾರು?

ಇಷ್ಟು ಕೇಳಬಲ್ಲ ಡ್ರೈವರನ ಡಿಪಾಜಿಟ್ಟಿಗೆ ಕೈಹಾಕಲು ಎಂಥ ಸೇಠ್‌ಜಿಯೂ ಒಮ್ಮೆ ಯೋಚಿಸುತ್ತಾನೆ.

"ಹಿಂದೆ ಪದ್ಮಿನಿಯ ಕಾಲದಲ್ಲಿ ಇದೆಲ್ಲ ನಡೆಯುತ್ತಿತ್ತು, ಈಗಿನದು ಕಂಪ್ಯೂಟರ್ ಗಾಡಿ, ಡ್ರೈವರನಿಗೆ ಏನು ತಿಳಿದೀತು?" ಎಂದು ಹೇಳುವವರಿದ್ದಾರೆ. ಪದ್ಮಿನಿಯ ಕಾಲ ಒಳ್ಳೆಯದಿತ್ತು, ನಿಜ. ಇದೇ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ನಮ್ಮಂಥ ಕಾರ್ಮಿಕರ ಕೈಯಿಂದಲೇ ತಯಾರಾದ ಗಾಡಿ ಅದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದು, 1974ರಿಂದ ಪದ್ಮಿನಿ ಎನಿಸಿಕೊಂಡಿತು. ಬೇಸಿಗೆಯಲ್ಲಿ ಪೆಟ್ರೋಲು ನಾಳದಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆಬಟ್ಟೆ ಹಾಕುತ್ತಿದ್ದರು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ ಒಣಬಟ್ಟೆಯಿಂದ ಒರೆಸುತ್ತಿದ್ದರು, ಪಾಯಿಂಟು ಕಪ್ಪಾದರೆ ಮರಳುಕಾಗದದಿಂದ ತಿಕ್ಕುತ್ತಿದ್ದರು. 2003ರ ಅಕ್ಟೋಬರ್ 29ರಂದು ತಾಡದೇವ್ ಆರ್‌ಟಿಓದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಯಿತು; ಟ್ಯಾಕ್ಸಿಗೆ 20 ವರ್ಷದ ಮಿತಿಯಿರುವುದರಿಂದ 2023ರ ಅಕ್ಟೋಬರ್ 30ರಿಂದ ಅದು ಮುಂಬಯಿಯ ಬೀದಿಯಲ್ಲಿ ಬಾಡಿಗೆಗೆ ಓಡುವುದು ನಿಂತಿತು. ಪತ್ರಿಕೆಗಳಲ್ಲಿ ಕಣ್ಣೀರಿನ ಲೇಖನಗಳು ಬಂದವು. ಗಾಡಿಗಾಗಿ ಅತ್ತವರಲ್ಲಿ ಅದನ್ನು ಓಡಿಸಿದವನ ಡಿಪಾಜಿಟ್ಟಿನ ಬಗ್ಗೆ ಬರೆದವರನ್ನು ನಾನು ಕಾಣೆ.

ಆದರೆ ಹೊಸ ಗಾಡಿ ತಿಳಿಯದ ವಸ್ತು ಎಂಬುದು ಸುಳ್ಳು. ಹಳೆಯ ಗಾಡಿ ತನ್ನ ರೋಗವನ್ನು ಶಬ್ದದಲ್ಲಿ, ವಾಸನೆಯಲ್ಲಿ ಹೇಳುತ್ತಿತ್ತು. ಹೊಸದು ಅದರ ಜೊತೆಗೆ ಸಂಖ್ಯೆಯಲ್ಲಿಯೂ ಹೇಳುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ, ಡ್ರೈವರನ ಮೊಣಕಾಲಿನ ಹತ್ತಿರ, 16 ತೂತಿನ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಸಾಧಾರಣ ರೀಡರು ಒಂದು ಟಯರಿನ ಬೆಲೆಗಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ, ಮೊಬೈಲಿನ ಪರದೆಯ ಮೇಲೆಯೇ ಕೋಡ್ ತೋರಿಸುತ್ತದೆ. ಗ್ಯಾರೇಜಿನಲ್ಲಿ ಇದೇ ಕೋಡನ್ನು ಓದಿ, ದೊಡ್ಡ ಡಾಕ್ಟರರ ಗಾಂಭೀರ್ಯದಿಂದ, "ಕಾಯಿಲ್ ಹೋಗಿದೆ" ಎಂದು ಬಿಲ್ಲು ಬರೆಯುತ್ತಾರೆ. ಕೋಡ್ ಹಾಗೆ ಹೇಳುವುದೇ ಇಲ್ಲ. ಪಿ-0301 ಎಂದರೆ ಒಂದನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ ಎಂದಷ್ಟೇ ಅರ್ಥ. ಪ್ಲಗ್ಗಿರಬಹುದು, ಕಾಯಿಲಿರಬಹುದು, ಇಂಜೆಕ್ಟರಿರಬಹುದು, ಕಂಪ್ರೆಶನ್ ಇಳಿದಿರಬಹುದು. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಗಾಡಿಯಲ್ಲಿ ಇಂಜಿನ್ ನಿಲ್ಲಿಸಿ ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ ಹಾಕಿ ನೋಡಿ. ಕೋಡ್ ಪಿ-0302 ಆದರೆ ರೋಗ ಕಾಯಿಲಿನ ಜೊತೆ ಹೋಯಿತು, ಕಾಯಿಲೇ ಕೆಟ್ಟಿದೆ. 0301 ಅಲ್ಲೇ ಕುಳಿತಿದ್ದರೆ ಕಾಯಿಲ್ ನಿರ್ದೋಷಿ. ಪ್ಲಗ್ಗನ್ನು ಹೀಗೆಯೇ ಬದಲಿಸಿ ನೋಡಿ. ಇದಕ್ಕೆ ಒಂದು ಪಾನಾ ಬೇಕು, ಅರ್ಧ ಗಂಟೆ ಬೇಕು. ಇಂಗ್ಲಿಷ್ ಶಾಲೆಯ ಸರ್ಟಿಫಿಕೇಟು ಬೇಕಿಲ್ಲ.

ಗ್ಯಾಸಿನ ಗಾಡಿಗೂ ಹೀಗೆಯೇ. ಸಿಎನ್‌ಜಿಯಲ್ಲಿ ಜಗ್ಗುತ್ತದೆ ಎಂದೊಡನೆ "ಕಿಟ್ ಹೋಯಿತು" ಎನ್ನುತ್ತಾರೆ. ಮೊದಲು ಪೆಟ್ರೋಲಿಗೆ ಹಾಕಿ ಓಡಿಸಿ. ಎರಡರಲ್ಲೂ ಜಗ್ಗಿದರೆ ಕಿಟ್ಟಿನದಲ್ಲ. ಪ್ಲಗ್ಗು, ಕಾಯಿಲ್, ಏರ್ ಫಿಲ್ಟರ್ ನೋಡಬೇಕು. ಗ್ಯಾಸಿನಲ್ಲಿ ಮಾತ್ರ ಜಗ್ಗಿದರೂ ಕೂಡಲೇ ಕಿಟ್ಟಿನ ಮೇಲೆ ತಪ್ಪು ಹೊರಿಸಬಾರದು, ಏಕೆಂದರೆ ಗ್ಯಾಸು ಹೊತ್ತಿಕೊಳ್ಳಲು ಹೆಚ್ಚು ಬಲವಾದ ಕಿಡಿ ಬೇಕು; ಸವೆದ ಪ್ಲಗ್ಗು ಮೊದಲು ಸೋಲುವುದು ಗ್ಯಾಸಿನಲ್ಲೇ. ಗ್ಯಾಸಿನ ವಾಸನೆ ಬಂದರೆ ಮಾತ್ರ ಯಾವ ಪರೀಕ್ಷೆಯನ್ನೂ ಮಾಡಬೇಡಿ. ಇಂಜಿನ್ ಆರಿಸಿ, ಜನರನ್ನು ಇಳಿಸಿ, ಸಿಲಿಂಡರಿನ ವಾಲ್ವ್ ಮುಚ್ಚಿ, ತಿಳಿದವರನ್ನು ಕರೆಯಿರಿ.

ಇನ್ನು ಮಳೆಗಾಲ. ಹಿಂದಮಾತಾ, ಮಿಲನ್ ಸಬ್‌ವೇ, ಅಂಧೇರಿ ಸಬ್‌ವೇ. ಈ ಹೆಸರುಗಳನ್ನು ಕೇಳಿದರೆ ಡ್ರೈವರನ ಎದೆ ಏಕೆ ನಡುಗುತ್ತದೆ ಎಂಬುದು ಆಫೀಸಿನ ಕಿಟಕಿಯಿಂದ ಮಳೆ ನೋಡುವವರಿಗೆ ತಿಳಿಯದು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು; ಅಂದು ನೀರಿನಲ್ಲಿ ಸಿಕ್ಕ ಕಾರುಗಳ ಒಳಗೇ ಉಸಿರುಕಟ್ಟಿ ಸತ್ತವರಿದ್ದಾರೆ. ನೀರು ಏರುತ್ತಿದ್ದರೆ ಬಾಗಿಲು ಬಿಗಿಯುವ ಮೊದಲೇ ಗಾಡಿ ಬಿಟ್ಟು ಇಳಿಯಿರಿ. ಗಾಡಿ ಯಾರದಾದರೂ ಇರಲಿ, ಪ್ರಾಣ ನಿಮ್ಮದು. ಜೀವಕ್ಕೆ ಅಪಾಯವಿಲ್ಲದಷ್ಟು ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಲೇಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿನೊಳಗೆ ನೀರು ಹೊಕ್ಕಿರುವಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ ಇಳಿಸುವ ಕೆಲಸ ಬರುತ್ತದೆ. ದೂಡಿ ಮೇಲೆ ತನ್ನಿ, ಏರ್ ಫಿಲ್ಟರ್ ಬಿಚ್ಚಿ ಒದ್ದೆಯೋ ಒಣಗಿದೆಯೋ ನೋಡಿ, ಫೋಟೊ ಹಿಡಿಯಿರಿ. ಒದ್ದೆಯಿದ್ದರೆ ಮಿಸ್ತ್ರಿ ಪ್ಲಗ್ಗು ಬಿಚ್ಚಿ ನೀರು ತೆಗೆಯುವವರೆಗೂ ಚಾವಿ ತಿರುಗಿಸಕೂಡದು.

ಇಲ್ಲಿಯೇ ನಮ್ಮ ಜಗಳದ ಮುಖ್ಯ ಭಾಗ ಇರುವುದು. ಸಾಧಾರಣ ವಿಮೆಯಲ್ಲಿ ಹೀಗೆ ನೀರು ಹೊಕ್ಕು ಕೆಟ್ಟ ಇಂಜಿನ್ನಿಗೆ ಹಣ ಸಿಗುವುದು ಕಷ್ಟ. ಅದಕ್ಕೆ ಇಂಜಿನ್ ರಕ್ಷಣೆಯೆಂಬ ಬೇರೆ ಕಂತು ಕಟ್ಟಬೇಕು. ಕಟ್ಟಬೇಕೋ ಬೇಡವೋ ಎಂದು ತೀರ್ಮಾನಿಸುವವನು ಮಾಲಕ. ಉಳಿತಾಯ ಅವನದು. ಮಳೆಯಲ್ಲಿಯೂ ಶಿಫ್ಟಿನ ಬಾಡಿಗೆ ಬಿಡದವನು ಅವನೇ. ಇಂಜಿನ್ ಬಾಗಿದ ದಿನ ಮಾತ್ರ "ನೀರಿಗೆ ಏಕೆ ಇಳಿಸಿದೆ?" ಎಂದು ಕೇಳುತ್ತಾನೆ. ಲಾಭದ ದಿನ ಗಾಡಿ ಅವನದು, ನಷ್ಟದ ದಿನ ಡ್ರೈವರನದು!

ಉಳಿದ ಸಣ್ಣ ಸಂಗತಿಗಳಿಗೆ ಹೆಚ್ಚು ಜಾಗ ಬೇಡ. ಚಾವಿ ತಿರುಗಿಸಿದಾಗ ಟಿಕ್-ಟಿಕ್-ಟಿಕ್ ಎಂದರೆ ಬ್ಯಾಟರಿ ಇಳಿದಿದೆ, ಅಥವಾ ಟರ್ಮಿನಲ್ ಸಡಿಲಾಗಿ ಉಪ್ಪುಗಟ್ಟಿದೆ. ಬೆಳಕು ಚೆನ್ನಾಗಿದ್ದು ಒಂದೇ ಒಂದು 'ಟಕ್' ಎಂದರೆ ಸ್ಟಾರ್ಟರ್ ನೋಡಬೇಕು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಮೀಟರ್ ಇಟ್ಟು ನೋಡಿ: ನಿಂತಾಗ 12.6 ವೋಲ್ಟ್, ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಓಡುವಾಗಲೂ 12ರಲ್ಲೇ ಇದ್ದರೆ ಚಾರ್ಜ್ ಆಗುತ್ತಿಲ್ಲ. ಆಲ್ಟರ್ನೇಟರ್, ಬೆಲ್ಟು ನೋಡದೆ ಹೊಸ ಬ್ಯಾಟರಿ ಹಾಕಿದರೆ ಅದೂ ಸಾಯುತ್ತದೆ. ಟಯರಿನ ಎರಡೂ ಅಂಚು ಸವೆದರೆ ಗಾಳಿ ಕಡಿಮೆ, ನಡುವೆ ಸವೆದರೆ ಗಾಳಿ ಹೆಚ್ಚು, ಒಂದೇ ಅಂಚು ಸವೆದರೆ ಅಲೈನ್‌ಮೆಂಟ್. ಗಾಳಿ ನಮ್ಮ ಜವಾಬ್ದಾರಿ, ಅಲೈನ್‌ಮೆಂಟ್ ಮಾಲಕನದು. ಆಯಿಲ್ಲಿನ ಕೆಂಪು ದೀಪ ಹೊತ್ತಿದರೆ ಅದೇ ಕ್ಷಣ ಇಂಜಿನ್ ಆರಿಸಬೇಕು, "ಇನ್ನೊಂದು ಸಿಗ್ನಲ್" ಎನ್ನಬಾರದು. ಕುದಿಯುವ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರ ಕಥೆ ಎಲ್ಲರಿಗೂ ಗೊತ್ತಿದ್ದರೂ ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ತೆಗೆಯುತ್ತಾರೆ.

"ಹಾಗಾದರೆ ಡ್ರೈವರನೇ ಮಿಸ್ತ್ರಿಯಾಗಬೇಕೇ? ಗ್ಯಾರೇಜಿನವರ ಹೊಟ್ಟೆಗೆ ಹೊಡೆಯಬೇಕೇ?" ಎಂದು ಕೇಳುವವರಿಗೆ ಒಂದು ಮಾತು. ಬೀದಿಬದಿಯ ಮಿಸ್ತ್ರಿಯೂ ನಮ್ಮಂತೆ ಕೈಕಸುಬಿನವನು, ಅವನ ಮೇಲೆ ನಮಗೆ ಹಗೆಯಿಲ್ಲ. ರೋಗ ಬಲ್ಲ ಗಿರಾಕಿ ಬಂದರೆ ಒಳ್ಳೆಯ ಮಿಸ್ತ್ರಿಗೆ ಸಂತೋಷವೇ. ಒಂದೇ ಟ್ಯಾಕ್ಸಿಯನ್ನು ಸಾಲದಲ್ಲಿ ಕೊಂಡು ಕಂತು ಕಟ್ಟುವ ಸಣ್ಣ ಮಾಲಕನ ಕಷ್ಟವೂ ನಮಗೆ ಗೊತ್ತು. ಆದರೆ ಅವನ ಕಂತಿನ ಭಾರವನ್ನು ಸುಳ್ಳು ಆರೋಪದ ಮೂಲಕ ಇಳಿಸಿಕೊಳ್ಳಲು ನಾವು ಒಪ್ಪಲಾರೆವು.

ಮುಂಬಯಿಯ ಟ್ಯಾಕ್ಸಿಯವರಿಗೂ ಹೋಟೆಲಿನ ಹುಡುಗರಿಗೂ ಸಂಘಟನೆಯ ಪಾಠ ಹೇಳಿದವರಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸರೂ ಒಬ್ಬರು. 1949ರಲ್ಲಿ ಬರಿಗೈಯಲ್ಲಿ ಈ ಊರಿಗೆ ಬಂದವರು. ಹಗಲೆಲ್ಲ ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು ಈ ನಗರದಲ್ಲಿ ಏನೇನಾಗಿದ್ದಾರೆಂಬುದನ್ನು ನಮ್ಮ ಸಂಘ-ಸಂಸ್ಥೆಗಳು ಪ್ರತಿ ವಾರ್ಷಿಕೋತ್ಸವದಲ್ಲೂ ಹೇಳಿಕೊಳ್ಳುತ್ತವೆ. ಹೇಳಿದ ಮೇಲೆ ಶಾಲು, ಹಾರ, ಫಲಕ, ಭೋಜನ. ಒಂದು ವಾರ್ಷಿಕೋತ್ಸವದ ಶಾಲುಗಳ ಹಣದಲ್ಲಿ ಎರಡು ಮೀಟರು, ಎರಡು ರೀಡರು, ಒಂದು ಪಾನಾ ಸೆಟ್ಟು ಬರುತ್ತದೆ. ಹೋಟೆಲು ಮುಚ್ಚಿದ ಮೇಲೆ, ಶಿಫ್ಟು ಬದಲಾಗುವ ಹೊತ್ತಿಗೆ, ವಾರಕ್ಕೊಂದು ರಾತ್ರಿ ಪಾಠ ನಡೆಸಲಿ. ಕಂಪೆನಿಯ ಪುಸ್ತಕ ಇಂಗ್ಲಿಷಿನಲ್ಲಿದೆ. ಅದರ ದೀಪಗಳ ಒಂದು ಪುಟವನ್ನಾದರೂ ಕನ್ನಡದಲ್ಲಿ ಅಚ್ಚು ಹಾಕಿ ಹಂಚಲಿ.

ಜೊತೆಗೆ ಮುಂದಿನ ಮಹಾಸಭೆಯಲ್ಲಿ ಒಂದು ಠರಾವು ಬರಬೇಕು. ಶಿಫ್ಟು ಕೊಡುವಾಗಲೂ ಬಿಡುವಾಗಲೂ ಗಾಡಿಯ ಸ್ಥಿತಿಯನ್ನು ಒಂದು ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಬಿಚ್ಚಿದ ಹಳೆಯ ಭಾಗವನ್ನು ಡ್ರೈವರನಿಗೆ ತೋರಿಸದೆ ಡಿಪಾಜಿಟ್ಟಿನಲ್ಲಿ ಒಂದು ಪೈಸೆಯನ್ನೂ ಮುರಿಯಕೂಡದು. ಒಪ್ಪದ ಮಾಲಕನ ಗಾಡಿಗೆ ನಮ್ಮ ಹುಡುಗರು ಕೂಡಬಾರದು. ನಮ್ಮ ಸಂಘಗಳಲ್ಲಿ ಪದಾಧಿಕಾರಿಗಳಾಗಿರುವ ಕನ್ನಡಿಗ ಟ್ಯಾಕ್ಸಿ ಮಾಲಕರು ಈ ಪುಸ್ತಕಕ್ಕೆ ಮೊದಲ ಸಹಿ ಹಾಕಲಿ, ನೋಡೋಣ. ಮೊದಲ ಪಾಠಕ್ಕೆ ಬೇಕಾದ ಕ್ಲಚ್ ಪ್ಲೇಟುಗಳಿಗೇನೂ ಬರವಿಲ್ಲ. ಸವೆದದ್ದು, ಜಿಡ್ಡಾದದ್ದು, ಕರಕಲಾದದ್ದು ಮೂರೂ ಬಗೆಯವು ಯಾವ ಗ್ಯಾರೇಜಿನ ಮೂಲೆಯಲ್ಲಾದರೂ ಗುಜರಿಯ ಬೆಲೆಗೆ ಸಿಗುತ್ತವೆ.